ಅಪ್ಪನ ಜಪಾನ್ ಗಾಡಿ ಕೆಟ್ಟದ್ದು

ಗಾಡಿಯ ಹಿಂದಿನ ಕಿಟಕಿಯ ಪರದೆಗೆ ಹನ್ನೊಂದು ಹಿತ್ತಾಳೆ ಉಂಗುರಗಳಿದ್ದವು. ಹನ್ನೆರಡನೆಯದು ಎಂದೋ ಕಳಚಿ ಬಿದ್ದಿತ್ತು. ಅದು ಇರಬೇಕಾದ ಜಾಗದಲ್ಲಿ ಬಟ್ಟೆ ಜೋತು, ಎರಡು ಬೆರಳು ತೂರುವಷ್ಟು ಸಂದಿಯಾಗಿತ್ತು. ನಮ್ಮೂರು ಯಲಬುರ್ಗಾದಿಂದ ಕೊಪ್ಪಳದ ತನಕದ ದಾರಿಯನ್ನು ನಾನು ನೋಡಿದ್ದೆಲ್ಲ ಆ ಸಂದಿಯಿಂದಲೇ. ಬೇವಿನ ಮರಗಳ ತುದಿ, ಗುಡ್ಡಗಳ ನೆತ್ತಿ, ಎದುರು ಬಂದ ಬಂಡಿಯಲ್ಲಿ ಒಟ್ಟಿದ ಜೋಳದ ಕಣಿಕೆಯ ಮೇಲುಭಾಗ ಕಾಣುತ್ತಿದ್ದವು. ದಾರಿ ಮಾತ್ರ ಕಾಣುತ್ತಿರಲಿಲ್ಲ.

ಆ ಮೋಟಾರು ಜಪಾನಿನದು. ಅದನ್ನು ಮಾಡಿದ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಊರಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದೂ ಇಲ್ಲ. ಎಲ್ಲರ ಬಾಯಲ್ಲಿ ಅದು ‘ಜಪಾನ್ ಗಾಡಿ’. ಅಪ್ಪ ಅರಳೆ ವ್ಯಾಪಾರಿ. ಕುಷ್ಟಗಿ, ಗಂಗಾವತಿ, ಕೊಪ್ಪಳ ಎಂದು ವಾರದಲ್ಲಿ ನಾಲ್ಕು ದಿನ ತಿರುಗುತ್ತಿದ್ದ. ಮುಂಬೈಯ ಏಜೆಂಟನೊಬ್ಬ ತರಿಸಿದ್ದ ಕೆಲವೇ ಗಾಡಿಗಳಲ್ಲಿ ಒಂದು ನಮ್ಮ ಮನೆಗೆ ಬಂತು. ಕಪ್ಪು ಬಣ್ಣ, ಪುಟ್ಟ ಗಾತ್ರ. ಅಪ್ಪ ಆರಡಿ ಎತ್ತರದವನು. ಅದರೊಳಗೆ ಕೂತರೆ ಗಾಡಿಯಲ್ಲಿ ಕೂತ ಹಾಗೆ ಕಾಣದೆ, ಗಾಡಿಯನ್ನು ತೊಟ್ಟುಕೊಂಡ ಹಾಗೆ ಕಾಣುತ್ತಿದ್ದ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು, ಆಗ ಜಪಾನು ನಮ್ಮ ಸರಕಾರಕ್ಕೆ ಇನ್ನೂ ಶತ್ರುವಾಗಿರಲಿಲ್ಲ. ಜನರ ನಗೆಗೆ ಮಾತ್ರ ಗುರಿಯಾಗಿತ್ತು. ಸಂತೆಯಲ್ಲಿ ಸಿಗುತ್ತಿದ್ದ ಪೆನ್ಸಿಲು, ಬಾಚಣಿಗೆ, ಕೀಲಿ ಕೊಟ್ಟರೆ ಕುಣಿಯುವ ತಗಡಿನ ಕೋತಿ, ಎರಡು ಒಗೆತಕ್ಕೆ ಬಣ್ಣ ಬಿಡುವ ಸೀರೆ, ಎಲ್ಲವೂ ಜಪಾನ್ ಮಾಲು. ಕೊನೆಗೆ ಆ ದೇಶದ ಹೆಸರೇ ಒಂದು ಗುಣವಾಚಕವಾಯಿತು. ಕೊಡದ ಬುಡ ಸೋರಿದರೆ ‘ಜಪಾನ್ ಆತು’ ಎನ್ನುತ್ತಿದ್ದರು. ಮದುವೆಗೆ ಮುಂಚೆಯೇ ಕಾಯಿಲೆ ಬಿದ್ದ ವರನೊಬ್ಬನಿಗೆ ‘ಜಪಾನ್ ಮದುಮಗ’ ಎಂಬ ಹೆಸರು ಬಿತ್ತು. ಹೈದರಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಬಿ.ಎ. ಮುಗಿಸಿ, ಕನ್ನಡಕ ಹಾಕಿಕೊಂಡು ನಾನು ಊರಿಗೆ ಬಂದಾಗ, ಬಾವಿಯ ಕಟ್ಟೆಯ ಹೆಂಗಸರು ನನಗೆ ಇಟ್ಟ ಹೆಸರು ‘ಜಪಾನ್ ಗೊಂಬಿ’. ಮೇಲೆ ಮಿರುಗು, ಒಳಗೆ ಬಾಳಿಕೆ ಇಲ್ಲ ಎಂದು ಅರ್ಥ.

ಅಪ್ಪ ಇದನ್ನೆಲ್ಲ ಕೇಳಿಸಿಕೊಂಡು ನಗುತ್ತಿದ್ದ. ಆದರೆ ಗಾಡಿಯ ಬಗ್ಗೆ ಯಾರಾದರೂ ಅಂದರೆ ಮಾತ್ರ ಬಿಡುತ್ತಿರಲಿಲ್ಲ. ಎದುರುಮನೆಯ ಬಟ್ಟೆ ಅಂಗಡಿಯವರಿಗೂ ಅಪ್ಪನಿಗೂ ಇದೇ ದಿನದ ಜಗಳ.

“ಏನ್ರಿ ಸಾವಕಾರ್ರ, ಇನ್ನೂ ಓಡತೈತೇನ್ರಿ ನಿಮ್ಮ ತಗಡಿನ ಕೋತಿ?”

“ನಿಮ್ಮ ಅಂಗಡ್ಯಾಗಿನ ಧೋತರ ಹರದು ಮೂರ ಸಲ ಬದಲಿ ಮಾಡೇನ್ರಿ. ಇದು ಒಮ್ಮೆರ ನಿಂತದ್ದು ನೋಡೀರೇನು?”

“ನೋಡ್ತೀವ್ರಿ, ನೋಡ್ತೀವಿ. ನಾನೂ ಇಲ್ಲೇ ಇರ್ತೀನಿ, ಅದೂ ಇಲ್ಲೇ ಇರತೈತಿ.”

ಆದರೆ ಅದು ನಿಲ್ಲಲಿಲ್ಲ. ಮಂಗಳೂರಿನ ಹಳ್ಳದ ಕೆಸರಿನಲ್ಲಿ (ಇದು ನಮ್ಮ ತಾಲ್ಲೂಕಿನ ಮಂಗಳೂರು, ಸಮುದ್ರದ ಕಡೆಯದಲ್ಲ) ದೊಡ್ಡ ಅಮೆರಿಕನ್ ಮೋಟಾರೊಂದು ಹೂತು ದಿನವಿಡೀ ನಿಂತಿದ್ದಾಗ, ನಮ್ಮ ಗಾಡಿಯನ್ನು ನಾಲ್ಕು ಆಳು ಎತ್ತಿ ಆಚೆ ದಡಕ್ಕೆ ಇಟ್ಟರಂತೆ. ‘ಎತ್ತಾಕ ಬರತೈತಿ, ಅದಾ ಅದರ ದೊಡ್ಡ ಗುಣ’ ಎಂದು ಅಪ್ಪ ಅದನ್ನೂ ಹೆಮ್ಮೆಯಿಂದ ಹೇಳಿಕೊಂಡ.

ಗಾಡಿಯ ಜೊತೆ ಇಂಗ್ಲಿಷಿನ ಒಂದು ಪುಸ್ತಿಕೆ ಬಂದಿತ್ತು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಕಾಲೇಜಿನ ರಜೆಗೆ ಬಂದಾಗಲೆಲ್ಲ ಸಂಜೆ ದೀಪ ಹಚ್ಚುವ ಮುಂಚೆ ಅಪ್ಪ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ಅದನ್ನು ಓದಿಸುತ್ತಿದ್ದ. ನಮ್ಮ ಡ್ರೈವರ್ ಕೆಳಗೆ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. ಅವರು ಅಪ್ಪನಿಗಿಂತ ಹಿರಿಯರು, ಗಂಗಾವತಿಯ ಕಡೆಯ ಮುಸಲ್ಮಾನರು, ಗಾಡಿ ಬರುವ ಮುಂಚೆ ನಮ್ಮ ಬಂಡಿ ಹೊಡೆಯುತ್ತಿದ್ದವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ.

ಪುಸ್ತಿಕೆಯ ಮೊದಲ ಹತ್ತು ಪುಟ ಕಂಪನಿಯ ಕತೆ. ಅವರು ಮೊದಲು ಹಡಗುಗಳಿಗೆ ಎರಕದ ಸಾಮಾನು ಮಾಡುತ್ತಿದ್ದರಂತೆ. ಪರದೇಶದ ಮೋಟಾರೊಂದನ್ನು ತರಿಸಿ, ಪೂರ್ತಿ ಬಿಚ್ಚಿ ನೆಲದ ಮೇಲೆ ಹರವಿ, ಒಂದೊಂದು ಬೋಲ್ಟನ್ನೂ ಅಳೆದು ಬರೆದುಕೊಂಡರಂತೆ. ತಾವು ಮಾಡಿದ ಮೊದಲ ಗಾಡಿ ಕಾರಖಾನೆಯ ಅಂಗಳ ದಾಟಲಿಲ್ಲ, ಎರಡನೆಯದು ಸೇತುವೆಯ ನಡುವೆ ನಿಂತಿತು ಎಂದು ಅವರೇ ಅಚ್ಚು ಹಾಕಿಸಿದ್ದರು. ಆಮೇಲೆ ಭೂಕಂಪವಾಗಿ ಅವರ ದೊಡ್ಡ ಪಟ್ಟಣವೇ ಬಿದ್ದಾಗ, ಟ್ರಾಮಿನ ಹಳಿಗಳೆಲ್ಲ ಸೊಟ್ಟಗಾಗಿ, ಜನರಿಗೆ ಮೋಟಾರೇ ಗತಿಯಾಯಿತಂತೆ. ಅಪ್ಪನಿಗೆ ಈ ಭಾಗ ಎಷ್ಟು ಸಲ ಕೇಳಿದರೂ ಸಾಲದು. ಅದನ್ನು ಹೋದಲ್ಲೆಲ್ಲ ಹೇಳುತ್ತಿದ್ದ, ಹೇಳಿದ ಹಾಗೆಲ್ಲ ಅದು ಬೆಳೆಯುತ್ತಿತ್ತು. ಗಂಗಾವತಿ ಮುಟ್ಟುವ ಹೊತ್ತಿಗೆ, ಬಿದ್ದ ಮಹಡಿಯ ಕಲ್ಲುಗಳ ಕೆಳಗಿನಿಂದ ನಮ್ಮದೇ ಗಾಡಿ ಹಾರನ್ ಬಾರಿಸುತ್ತ ಹೊರಗೆ ಬಂದಿತ್ತು.

ಉಳಿದ ಪುಟಗಳಲ್ಲಿ ಯಂತ್ರದ ವಿವರ ಇತ್ತು. ಅಲ್ಲಿ ನನಗೆ ಕಷ್ಟವಾಯಿತು. ಆ ಭಾಗಗಳಿಗೆ ಕನ್ನಡದಲ್ಲಿ ಹೆಸರಿರಲಿಲ್ಲ, ನಾನು ಹುಡುಕಿ ಕೊಡಬೇಕಿತ್ತು. ಚೋಕ್ ಎಂಬುದಕ್ಕೆ ‘ಉಸಿರು ಕಟ್ಟಿಸುವ ಗುಂಡಿ’ ಎಂದೆ. ಚಾಚಾ ತಲೆಯೆತ್ತಿ ನೋಡಿದರು.

“ಉಸುರು ಕಟ್ಟಿಸಿದ್ರ ಗಾಡಿ ಏಳತೈತೇನ್ರಿ ಅಕ್ಕಾರ?”

“ಹಂಗಂತ ಬರದಾರ್ರಿ ಚಾಚಾ. ಚಳಿಯಾಗ ಸ್ವಲ್ಪ ಕಟ್ಟಸ್ಬೇಕು, ಎದ್ದ ಮ್ಯಾಲ ಬಿಡಬೇಕು.”

“ಬಿಡೂದನ್ನ ಮರೀಬಾರದು ಅಂತ ಬರದಾರಿಲ್ರಿ?” ಎಂದು ನಕ್ಕರು. ನಾನು ಪುಟ ತಿರುಗಿಸಿ ನೋಡಿದೆ. ಅದನ್ನೂ ಬರೆದಿದ್ದರು.

ಇಂಜಿನ್ನಿನ ಒಂದು ಪಕ್ಕದಲ್ಲಿ ತಂತಿಗಳೆಲ್ಲ ಬಂದು ಸೇರುವ ಕಪ್ಪು ಮುಚ್ಚಳ ಒಂದಿದೆ. ಅದಕ್ಕೆ ‘ಟೊಪ್ಪಿಗಿ’ ಎಂದು ಹೆಸರಿಟ್ಟೆ. ಅದರೊಳಗೆ ತಿರುಗುತ್ತ ಕಿಡಿ ಹಂಚುವ ಹೆಬ್ಬೆರಳಿನಷ್ಟು ತುಂಡಿಗೆ ‘ಬುಗುರಿ’ ಎಂದೆ. ಎರಡೂ ಹೆಸರು ನಿಂತವು. ಪುಸ್ತಿಕೆಯ ಕೊನೆಯಲ್ಲಿ ಯಜಮಾನರಿಗೆ ಒಂದು ಸೂಚನೆ ಇತ್ತು. ಗಾಡಿಯನ್ನು ಪರವೂರಲ್ಲಿ ಬಿಟ್ಟು ಹೋಗುವಾಗ ಬುಗುರಿಯನ್ನು ತೆಗೆದು ತಮ್ಮ ಕಿಸೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಅದಿಲ್ಲದೆ ಎಷ್ಟು ಹ್ಯಾಂಡಲ್ ತಿರುಗಿಸಿದರೂ ಯಂತ್ರ ಏಳದು, ಮೇಲಿಂದ ನೋಡಿದವರಿಗೆ ಏನು ಕೊರತೆ ಎಂದೂ ತಿಳಿಯದು. ನಾನು ಇದನ್ನು ಒಂದು ಶಬ್ದವೂ ಬಿಡದಂತೆ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅಪ್ಪ ಇನ್ನೊಮ್ಮೆ ಓದು ಎಂದ. ಓದಿದೆ.

ಬಿ.ಎ. ಮುಗಿದು ಎರಡು ವರ್ಷ ಮನೆಯಲ್ಲಿದ್ದೆ. ಎರಡು ವರ್ಷದಲ್ಲಿ ನಾನು ಮಾಡಿದ್ದನ್ನು ಬರೆಯಲು ಹೋದರೆ ಒಂದು ಸಾಲೂ ತುಂಬದು. ಓದಿದ ಮಗಳು ಇದ್ದಾಳೆ ಎಂಬುದು ಅಪ್ಪನಿಗೆ ಹೆಮ್ಮೆ. ಬಂದವರ ಮುಂದೆ ಇಂಗ್ಲಿಷ್ ಪತ್ರಿಕೆ ಓದಿಸುತ್ತಿದ್ದ. ಓದಿ ಮುಗಿದ ಮೇಲೆ ‘ಒಳಗ ಹೋಗವ್ವಾ’ ಎನ್ನುತ್ತಿದ್ದ. ಗಟ್ಟಿಯಾಗಿ ಎಂದೂ ಮಾತಾಡಿದವನಲ್ಲ. ಬೇಡ ಎಂಬ ಮಾತನ್ನು ನನಗೆ ಅವನು ಒಮ್ಮೆಯೂ ಹೇಳಿದ್ದಿಲ್ಲ. ಬೀದಿಯಲ್ಲಿ ನಡೆದು ಹೋಗಬೇಡ ಎನ್ನಲಿಲ್ಲ, ಗಾಡಿ ಕೊಟ್ಟ. ಗಾಡಿಗೆ ಪರದೆ ಕಟ್ಟಿಸಿದ. ಆಮೇಲೆ ಗಾಡಿಗೆ ಬೇರೆ ಕೆಲಸ ಇರುತ್ತಿತ್ತು.

ಅವನಿಗೆ ಹೇಳದೆ ನಾನು ರಾಯಚೂರಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಅರ್ಜಿ ಹಾಕಿದೆ. ನೇಮಕದ ಕಾಗದ ಬಂತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾಜರಾಗಬೇಕು, ತಪ್ಪಿದರೆ ಮುಂದಿನ ಹೆಸರಿನವರಿಗೆ ಜಾಗ ಹೋಗುತ್ತದೆ ಎಂದಿತ್ತು. ಕಾಗದವನ್ನು ಅಪ್ಪನ ಕೈಗೆ ಕೊಟ್ಟಾಗ ಬಟ್ಟೆ ಅಂಗಡಿಯವರೂ ಅಲ್ಲೇ ಕೂತಿದ್ದರು. ನಾನೇ ಅದನ್ನು ಓದಿ ಹೇಳಬೇಕಾಯಿತು.

“ಮಾಸ್ತರಕಿ?” ಎಂದರು ಅಂಗಡಿಯವರು. “ಸಾವಕಾರ್ರ ಮಗಳು ದುಡಿಯಾಕ ಹೋಗ್ತಾಳೇನ್ರಿ?”

ಅಪ್ಪ ಸ್ವಲ್ಪ ಹೊತ್ತು ಕಾಗದದ ಮೊಹರು ನೋಡಿದ. “ಯಾಕ ಹೋಗಬಾರದು? ಅಷ್ಟು ಓದಿಸಿದ್ದು ಯಾತಕ್ಕ? ಐತವಾರ ನಾನಾ ಕೊಪ್ಪಳಕ್ಕ ಕರಕೊಂಡು ಹೋಗಿ ರೈಲು ಹತ್ತಸ್ತೀನಿ.”

ನಾನು ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ. ಅವ್ವ ಟ್ರಂಕು ಇಳಿಸಿ ಧೂಳು ಒರೆಸತೊಡಗಿದಳು. ಅವಳ ಕೈ ಬಲು ನಿಧಾನವಾಗಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಡಬೇಕು. ಮಧ್ಯಾಹ್ನದ ರೈಲು ಹಿಡಿದರೆ ಮಾತ್ರ ಮರುದಿನ ಹತ್ತಕ್ಕೆ ರಾಯಚೂರು. ಕೊಪ್ಪಳಕ್ಕೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರು ನಮ್ಮ ಊರಿಗೆ ಬರುತ್ತಿದ್ದದ್ದು ಸಂತೆಯ ದಿನ, ಬುಧವಾರ ಮಾತ್ರ. ಬಂಡಿಯಲ್ಲಿ ಹೋದರೆ ಕೊಪ್ಪಳ ಮುಟ್ಟುವುದು ಕತ್ತಲಾದ ಮೇಲೆ. ಟ್ರಂಕನ್ನು ಗಾಡಿಯ ಹಿಂದೆ ಹಗ್ಗದಿಂದ ಬಿಗಿದಾಯಿತು. ನಾನು ಒಳಗೆ ಕೂತೆ. ಅವ್ವ ಪರದೆ ಎಳೆದಳು.

ಚಾಚಾ ಹ್ಯಾಂಡಲ್ ಹಾಕಿ ತಿರುಗಿಸಿದರು. ಯಂತ್ರ ಒಂದು ಸುತ್ತು ನರಳಿ ಸುಮ್ಮನಾಯಿತು. ಇನ್ನೊಮ್ಮೆ, ಮತ್ತೊಮ್ಮೆ. ಹತ್ತನೆಯ ಸಲಕ್ಕೆ ಅವರ ಉಸಿರಾಟ ನನಗೆ ಒಳಗೆ ಕೇಳಿಸುತ್ತಿತ್ತು. ಬಾನೆಟ್ ತೆಗೆದ ಸದ್ದಾಯಿತು, ಟೊಪ್ಪಿಗೆಯನ್ನು ಬಿಗಿದು ಹಿಡಿಯುವ ಎರಡು ಚಿಮಟಿಗೆಗಳು ಟಿಕ್ ಟಿಕ್ ಎಂದು ಬಿಚ್ಚಿದ ಸದ್ದೂ ಕೇಳಿತು. ಆಮೇಲೆ ಏನೂ ಕೇಳಿಸಲಿಲ್ಲ. ಮತ್ತೆ ಟಿಕ್ ಟಿಕ್.

“ಚಾಚಾ,” ಎಂದೆ ಪರದೆಯ ಒಳಗಿನಿಂದ, “ಟೊಪ್ಪಿಗಿ ತಗದು ನೋಡಿದ್ರೇನ್ರಿ?”

“ನೋಡೀನ್ರಿ ಅಕ್ಕಾರ.”

“ಒಳಗ ಸರಿ ಐತೇನ್ರಿ?”

ಅವರು ಉತ್ತರ ಕೊಡಲು ತಡಮಾಡಿದರು. “ಐತ್ರಿ,” ಎಂದರು.

ಅಷ್ಟರಲ್ಲಿ ಬೀದಿಯಲ್ಲಿ ಜನ ಸೇರಿದ್ದರು. ಎಷ್ಟೋ ವರ್ಷದಿಂದ ಈ ದಿನಕ್ಕೇ ಕಾದಿದ್ದ ಅಂಗಡಿಯವರ ದನಿ ಎಲ್ಲರಿಗಿಂತ ಮೇಲಿತ್ತು. “ಏನ್ರಿ ಸಾವಕಾರ್ರ! ತಗಡಿನ ಕೋತಿಗೆ ಕೀಲಿ ಕೊಡಾಕ ಮರತೀರೇನು?” ಒಂದಿಷ್ಟು ಜನ ನಕ್ಕರು. ಅಪ್ಪ ಈಗ ಧೋತರದ ಮಾತು ತೆಗೆಯುತ್ತಾನೆ ಎಂದು ನಾನು ಕಾದೆ.

“ಹೌದ್ರಿ,” ಎಂದ ಅಪ್ಪ. “ಕೆಟ್ಟೈತಿ. ಜಪಾನ್ ಮಾಲು, ಎಷ್ಟ ದಿನ ಬಾಳೀತು?”

ನಗು ನಿಂತುಬಿಟ್ಟಿತು. ಅಂಗಡಿಯವರೂ ನಗಲಿಲ್ಲ. ಅವರಿಗೆ ಗೆದ್ದದ್ದು ಹೇಗೆಂದು ತಿಳಿಯಲಿಲ್ಲವೇನೋ. ಮೆತ್ತಗೆ, “ಹಂಗ್ಯಾಕಂತೀರಿ, ಇಷ್ಟು ದಿನ ಛಲೋ ಓಡಿಲ್ಲೇನ್ರಿ? ಬೇಕಂದ್ರ ನಮ್ಮ ಸವಾರಿ ಬಂಡಿ ಕಟ್ಟಸ್ಲಿ?” ಎಂದರು.

“ಬ್ಯಾಡ್ರಿ. ಬಂಡ್ಯಾಗ ಹೋದ್ರ ರೈಲು ಸಿಗಂಗಿಲ್ಲ. ಆಕಿ ನಸೀಬದಾಗ ಇಲ್ಲ, ಬಿಡ್ರಿ.”

ನನಗೆ ತಿಳಿದದ್ದು ಆ ಕ್ಷಣದಲ್ಲಿ. ಯಂತ್ರ ಏಳದಿದ್ದಾಗ ಅಲ್ಲ, ಚಾಚಾ ತಡಮಾಡಿ ಉತ್ತರಿಸಿದಾಗಲೂ ಅಲ್ಲ. ಅಪ್ಪ ಆ ಗಾಡಿಯ ಹೆಸರನ್ನು ಬೀದಿಯ ಮುಂದೆ ತಾನಾಗಿ ಕೆಡಿಸಿದಾಗ ತಿಳಿಯಿತು. ನಮ್ಮಲ್ಲಿ ಯಂತ್ರ ಕೆಟ್ಟರೂ, ಹೆಸರು ಕೆಟ್ಟರೂ, ಹೆಣ್ಣು ಕೆಟ್ಟರೂ ಒಂದೇ ಕ್ರಿಯಾಪದ. ಎರಡು ಹೆಸರುಗಳಲ್ಲಿ ಒಂದು ಕೆಡಲೇಬೇಕು ಎಂದು ಅವನು ಲೆಕ್ಕ ಹಾಕಿದ್ದ, ಮನೆಯದನ್ನು ಉಳಿಸಿ ಗಾಡಿಯದನ್ನು ಕೊಟ್ಟಿದ್ದ.

ಅವ್ವ ಪರದೆ ಸರಿಸಿ ಇಳಿಸಿಕೊಂಡಳು. ಟ್ರಂಕು ಒಳಗೆ ಬಂತು. ಗಾಡಿಯನ್ನು ನಾಲ್ಕು ಜನ ದೂಡಿ ಹಿತ್ತಲ ಗೋದಾಮಿಗೆ ಒಯ್ದರು.

ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಮೇಲೆ ನಾನು ಗೋದಾಮಿಗೆ ಹೋದೆ. ಅರಳೆ ತುಂಬಿದ ಅಂಡಿಗೆಗಳ ನಡುವೆ ಗಾಡಿ ನಿಂತಿತ್ತು. ಕೊಪ್ಪಳದಲ್ಲಿ ರೈಲು ಬರುವ ಹೊತ್ತು. ಬಾನೆಟ್ ಎತ್ತಿದೆ. ಅದುವರೆಗೂ ಆ ಯಂತ್ರವನ್ನು ನಾನು ಶಬ್ದಗಳಲ್ಲಿ ಬಲ್ಲೆನೇ ಹೊರತು ಕೈಯಿಂದ ಮುಟ್ಟಿರಲಿಲ್ಲ. ಆದರೂ ಹುಡುಕಬೇಕಾಗಲಿಲ್ಲ. ಚಿತ್ರದಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ಚಿಮಟಿಗೆ ಬಿಚ್ಚಿ ಟೊಪ್ಪಿಗೆ ಎತ್ತಿದೆ. ಒಳಗೆ ಎಣ್ಣೆ ಹತ್ತಿದ ಒಂದು ಮೊಳೆಯಂಥ ದಂಡ ಮಾತ್ರ ನಿಂತಿತ್ತು. ಅದರ ತಲೆಯ ಮೇಲೆ ಏನೂ ಇರಲಿಲ್ಲ.

“ಅಕ್ಕಾರ, ಕೈ ಕಪ್ಪಾಗ್ತಾವ್ರಿ.” ಚಾಚಾ ಬಾಗಿಲಲ್ಲಿ ನಿಂತಿದ್ದರು.

“ಬುಗುರಿ ಎಲ್ಲೈತ್ರಿ ಚಾಚಾ?”

“ನನ್ನ ಕಡೆ ಇಲ್ರಿ. ಖುದಾನ ಆಣಿ.”

“ಮತ್ತ ಯಾಕ ಸರಿ ಐತಿ ಅಂದ್ರಿ?”

ಅವರು ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಇಪ್ಪತ್ತು ವರ್ಷ ಆತ್ರಿ ಈ ಮನ್ಯಾಗ ಉಪ್ಪು ತಿಂದು. ಅಲ್ಲೇ ಬೀದ್ಯಾಗ, ಮಂದಿ ಮುಂದ, ನಾ ಏನಂತ ಹೇಳಲ್ರಿ?” ಆಮೇಲೆ, ನನ್ನ ಮುಖ ನೋಡದೆ, “ಯಜಮಾನ್ರು ತಮ್ಮ ಕಿಸೇದಾಗ ಇಟ್ಕೋಬೇಕಂತ ನೀವಾ ಓದಿ ಹೇಳಿದ್ರಿ. ಎರಡ ಸಲ ಓದಿದ್ರಿ,” ಎಂದರು.

ನಾನು ಟೊಪ್ಪಿಗೆಯನ್ನು ಅದರ ಜಾಗಕ್ಕೆ ಕೂರಿಸಿ ಚಿಮಟಿಗೆ ಹಾಕಿದೆ. ಕೈ ತೊಳೆಯಲು ಸೀಗೆಪುಡಿ ಸಾಕಾಗಲಿಲ್ಲ.

ಸಂಜೆ ಅಪ್ಪ ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದ. ಕೋಟು ಬಿಚ್ಚಿರಲಿಲ್ಲ. ನಾನು ನೀರಿನ ತಂಬಿಗೆ ಇಟ್ಟು ಅಲ್ಲೇ ನಿಂತೆ.

“ಗಾಡಿ ಯಾವಾಗ ರಿಪೇರಿ ಆಗತೈತಪ್ಪಾ?”

“ಮುಂಬೈದಿಂದ ಸಾಮಾನು ಬರಬೇಕು.”

“ಯಾವ ಸಾಮಾನು?”

ಅವನು ನೀರು ಕುಡಿದು ತಂಬಿಗೆಯನ್ನು ಕೆಳಗಿಟ್ಟ. ಅದನ್ನು ಅರ್ಧ ಸುತ್ತು ತಿರುಗಿಸಿದ. “ನಿನಗ ಗೊತ್ತೈತಲ್ಲವ್ವಾ.”

ಸುಳ್ಳನ್ನು ಮುಂದುವರಿಸುತ್ತಾನೆ ಎಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಕಟ್ಟಿಕೊಂಡಿದ್ದೆ.

“ನಾ ನಿನಗ ಬ್ಯಾಡ ಅಂದಿಲ್ಲ,” ಎಂದ. “ಮಂದಿ ಮುಂದ ಹೋಗು ಅಂದೆ. ಗಾಡಿಗೆ ಟ್ರಂಕು ಕಟ್ಟಿಸಿದೆ. ನಾಳೆ ಯಾರೂ ನಿನಗ ಅಪ್ಪನ ಮಾತು ಮೀರಿದಾಕಿ ಅನ್ನಂಗಿಲ್ಲ. ನನಗ ಮಗಳನ್ನ ತಡದವ ಅನ್ನಂಗಿಲ್ಲ. ಅನ್ನೂದಾದ್ರ ಜಪಾನದಾವ್ರಿಗೆ ಅಂತಾರ. ಅವ್ರು ಭಾಳ ದೂರ ಅದಾರ.”

“ನೀ ಬ್ಯಾಡ ಅಂದಿದ್ರ ಛಲೋ ಇತ್ತಪ್ಪಾ.”

“ಯಾಕ?”

ಬೇಡ ಎಂದಿದ್ದರೆ ನಾನು ಯಾಕೆ ಎಂದು ಕೇಳಬಹುದಿತ್ತು. ಅಳಬಹುದಿತ್ತು, ಊಟ ಬಿಡಬಹುದಿತ್ತು. ಕೆಟ್ಟ ಗಾಡಿಯ ಜೊತೆ ಯಾರು ವಾದ ಮಾಡುತ್ತಾರೆ? ಇದನ್ನು ಅವನಿಗೆ ಹೇಳಲಿಲ್ಲ. ಅವನ ಮುಖದಲ್ಲಿ ನಿಜವಾದ ದಣಿವು ಇತ್ತು. ನನಗೆ ಒಳ್ಳೆಯದನ್ನೇ ಮಾಡಿದ್ದೇನೆ ಎಂದು ಅವನು ನಂಬಿದ್ದ. ಆ ನಂಬಿಕೆಯೇ ನನಗೆ ಎಲ್ಲಕ್ಕಿಂತ ಎತ್ತರದ ಗೋಡೆಯಾಗಿ ಕಂಡಿತು.

“ನಾಳಿಗೆ ಆ ಸಾಲ್ಯಾವ್ರಿಗೆ ಒಂದು ಕಾಗದ ಬರದು ಹಾಕು,” ಎಂದ. “ಗಾಡಿ ಕೆಟ್ಟತು, ಬರಾಕ ಆಗೂದಿಲ್ಲಂತ. ಸುಮ್ಮನ ಕಾಯಿಸೂದು ಛಲೋ ಅಲ್ಲ. ಬರದು ನನಗ ಓದಿ ಹೇಳು.”

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಕಾಗದ ಬರೆಯಲು ಕೂತೆ. ಇಂಗ್ಲಿಷಿನಲ್ಲಿ ಆರು ಸಾಲು. ಪ್ರಯಾಣದ ಅಡಚಣೆಯಿಂದ ಸೋಮವಾರ ಹಾಜರಾಗಲಾಗಲಿಲ್ಲ, ಬುಧವಾರದ ಸರ್ವಿಸ್ ಮೋಟಾರಿನಲ್ಲಿ ಹೊರಟು ಗುರುವಾರ ಶಾಲೆಯಲ್ಲಿರುತ್ತೇನೆ, ಅಲ್ಲಿಯವರೆಗೆ ನನ್ನ ಜಾಗವನ್ನು ದಯವಿಟ್ಟು ಕಾಯ್ದಿರಿಸಬೇಕು ಎಂದು ಬರೆದೆ. ಗಾಡಿಯ ಮಾತು ಅದರಲ್ಲಿ ಇರಲಿಲ್ಲ. ಆ ಕಂಪನಿಯವರ ಮೇಲೆ ಹಾಕಲು ನನ್ನ ಬಳಿ ಯಾವ ತಪ್ಪೂ ಇರಲಿಲ್ಲ.

ಪಡಸಾಲೆಗೆ ಹೋಗಿ ಅಪ್ಪನ ಮುಂದೆ ನಿಂತು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಸಾಲಿನಿಂದ ಸಾಲಿಗೆ ಕಣ್ಣು ಸರಿಸುತ್ತ ಕನ್ನಡದಲ್ಲಿ ಓದಿ ಹೇಳಿದೆ: ನಮ್ಮ ಮೋಟಾರು ಜಪಾನಿನದು, ದಾರಿಗೆ ಬರುವ ಮುಂಚೆಯೇ ಕೆಟ್ಟಿತು, ಸಾಮಾನು ಸಿಗುವುದಿಲ್ಲ, ನನಗೆ ಬರಲಾಗುವುದಿಲ್ಲ, ಕ್ಷಮಿಸಬೇಕು.

ಜಪಾನಿನದು ಎಂದಾಗ ಅಪ್ಪ ಕಣ್ಣು ಕೆಳಗೆ ಹಾಕಿದ. “ಛಲೋ ಬರದಿ,” ಎಂದ.

ಲಕೋಟೆಗೆ ಗೋಂದು ಹಚ್ಚಿ, ಒಣಗುವ ತನಕ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಗಾಡಿ ಇರಲಿಲ್ಲವಲ್ಲ, ಹಾಗಾಗಿ ಚಪ್ಪಲಿ ಮೆಟ್ಟಿಕೊಂಡು, ಬಟ್ಟೆ ಅಂಗಡಿಯ ಮುಂದಿನಿಂದಲೇ ನಡೆದು ಹೋಗಿ, ಟಪಾಲು ಪೆಟ್ಟಿಗೆಗೆ ಹಾಕಿ ಬಂದೆ.